ಮುಂಜಾನೆ ಗುಂಡಗೆ, ಮಧ್ಯಾಹ್ನ ಉದ್ದ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು: "ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?" ನಾನು ಎಷ್ಟು ಸಲ ಬಡ್ತಿ ಪಡೆದೆ, ಯಾವ ಸಾಹೇಬರು ಬೆನ್ನು ತಟ್ಟಿದರು ಎಂದು ಹೇಳುತ್ತ ಕೂತರೆ ಅವರಿಗೂ ಆಕಳಿಕೆ ಬರುತ್ತದೆ, ನನಗೂ ಬರುತ್ತದೆ. ಅದಕ್ಕೆ ನಾನು ಮಾಡಿದ ಎಡವಟ್ಟುಗಳನ್ನು ಹೇಳುತ್ತೇನೆ. ಅವುಗಳಲ್ಲಿ ಒಂದನ್ನು ಕಾಗದಕ್ಕೆ ಇಳಿಸಿಯೇ ಬಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಒಂದೇ ಜಾತಿಯ ಕ್ರಿಮಿಯನ್ನು ನಾನು ವರ್ಷಗಟ್ಟಲೆ ಮುಂಜಾನೆ ಗುಂಡಗಿದೆ ಎಂದೂ ಮಧ್ಯಾಹ್ನ ಉದ್ದವಿದೆ ಎಂದೂ ಬರೆದೆ. ಎರಡರ ಕೆಳಗೂ ಇದ್ದದ್ದು ನನ್ನದೇ ಸಹಿ.

ಅದು ನಿಜಾಮರ ಕಾಲ. ಕಲಬುರಗಿಯ ಒಂದು ರಸ್ತೆಯ ಈಚೆ ಬದಿಗೆ ಮನುಷ್ಯರ ದವಾಖಾನೆ, ಆಚೆ ಬದಿಗೆ ದನಗಳ ದವಾಖಾನೆ. ಇಲಾಖೆ ಬೇರೆ, ಸಾಹೇಬರು ಬೇರೆ, ಬರೆಯುವ ಕಾಗದದ ಬಣ್ಣವೂ ಬೇರೆ. ಹೈದರಾಬಾದಿನಿಂದ ಒಂದು ಮೈಕ್ರೋಸ್ಕೋಪು ಬಂದಾಗ ಅದರ ಪೆಟ್ಟಿಗೆಯ ಮೇಲೆ "ದವಾಖಾನೆ, ಗುಲ್ಬರ್ಗಾ" ಎಂದಷ್ಟೇ ಬರೆದಿತ್ತು. ಎರಡೂ ಕಡೆಯವರು ಅದು ನಮ್ಮದು ಎಂದರು. ಕಾಗದಗಳು ಹೋದವು, ಬಂದವು, ಮತ್ತೆ ಹೋದವು. ಕೊನೆಗೆ ಮೇಲಿನಿಂದ ತೀರ್ಪು ಬಂತು: ಮುಂಜಾನೆ ಮನುಷ್ಯರಿಗೆ, ಮಧ್ಯಾಹ್ನದ ಮೇಲೆ ದನಗಳಿಗೆ. ಆ ಯಂತ್ರದೊಳಗೆ ಇಣುಕಲು ಕಲಿತವನು ಊರಿನಲ್ಲಿ ನಾನೊಬ್ಬನೇ ಇದ್ದುದರಿಂದ ನನ್ನನ್ನೂ ಅದೇ ಲೆಕ್ಕದಲ್ಲಿ ಎರಡು ಹೋಳು ಮಾಡಿ ಹಂಚಿದರು.

ಮುಂಜಾನೆಯ ನನಗೂ ಮಧ್ಯಾಹ್ನದ ನನಗೂ ವೇಷ ಬೇರೆಯಿತ್ತು. ಮನುಷ್ಯರ ದವಾಖಾನೆಯಲ್ಲಿ ಸಾಹೇಬರ ಎದುರು ನಿಲ್ಲಬೇಕಾದರೆ ತಲೆಗೆ ದಸ್ತಾರ್ ಎನ್ನುವ ಸರ್ಕಾರಿ ಪೇಟ, ನಡುವಿಗೆ ಬಗಲೂಸ್ ಎನ್ನುವ ಅಗಲವಾದ ಪಟ್ಟಿ. ದನಗಳ ದವಾಖಾನೆಯಲ್ಲಿ ಖಾಕಿ ಟೊಪ್ಪಿಗೆ. ಪೇಟ ಕಂಡರೆ ಎತ್ತುಗಳು ಬೆದರುತ್ತವೆ ಎಂಬುದು ಅಲ್ಲಿನ ಸಾಹೇಬರ ಅಭಿಪ್ರಾಯ. ಆ ಎತ್ತುಗಳನ್ನು ಹೊಡೆದುಕೊಂಡು ಬರುವ ರೈತರೆಲ್ಲ ಪೇಟ ಸುತ್ತಿದವರೇ ಅಲ್ಲವೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿ ಚೆನ್ನಾಗಿ ಬೈಸಿಕೊಂಡೆ.

ನಡು ಮಧ್ಯಾಹ್ನ ನಾನು ಮೈಕ್ರೋಸ್ಕೋಪಿನ ಪೆಟ್ಟಿಗೆ ಹೊತ್ತು ರಸ್ತೆ ದಾಟಬೇಕು. ಈಚೆ ಕಡೆಯ ದಫ್ತರದಲ್ಲಿ "ಕೊಟ್ಟವನು ಶರಣಪ್ಪ" ಎಂದು ಸಹಿ, ಆಚೆ ಕಡೆಯ ದಫ್ತರದಲ್ಲಿ "ತೆಗೆದುಕೊಂಡವನು ಶರಣಪ್ಪ" ಎಂದು ಸಹಿ. ಎರಡು ಸಹಿಗಳ ನಡುವಿನ ಹೊತ್ತಿನಲ್ಲಿ, ಅಂದರೆ ರಸ್ತೆಯ ಮೇಲಿರುವಾಗ, ಆ ಯಂತ್ರ ಯಾವ ಇಲಾಖೆಗೂ ಸೇರಿದ್ದಲ್ಲ. ಈ ಸಂಗತಿ ಬಹಳ ಕಾಲ ನನ್ನ ತಲೆಗೆ ಹೊಳೆದಿರಲಿಲ್ಲ.

ಈಗ ಸಾಹೇಬರುಗಳ ವಿಷಯ. ಈಚೆ ಕಡೆ ಡಾಕ್ಟರ್ ಖುರ್ಷೀದ್ ಸಾಹೇಬರು. ಮನಸ್ಸು ಬಹಳ ಮೃದು, ಹೊಟ್ಟೆ ಬಹಳ ದೊಡ್ಡದು. ಅವರ ವೈದ್ಯದಲ್ಲಿ ಜ್ವರಗಳು ಎರಡೇ. ಕ್ವಿನೈನ್ ಕುಡಿಸಿದ ಮೇಲೆ ಇಳಿದರೆ ಮಲೇರಿಯಾ, ಇಳಿಯದಿದ್ದರೆ ದಿಖ್, ಅಂದರೆ ಕ್ಷಯ. ಆಚೆ ಕಡೆ ದನಗಳ ಡಾಕ್ಟರು ಗೋಪಾಳರಾಯರು. ಕಡ್ಡಿಯಂಥ ಆಳು, ಸಿಟ್ಟು ಮೂಗಿನ ತುದಿಯಲ್ಲಿ, ಪುಸ್ತಕದ ಹುಚ್ಚು. ಇಬ್ಬರಿಗೂ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಒಮ್ಮೆ ಡಾಕ್ಟರ್ ಸಾಹೇಬರ ಟಾಂಗಾ ಕುದುರೆಗೆ ಹೊಟ್ಟೆ ಉಬ್ಬರಿಸಿ ಅದನ್ನು ಆಚೆಗೆ ಕಳಿಸಿದ್ದರು. ಗೋಪಾಳರಾಯರು ಔಷಧಿ ಕೊಟ್ಟು ಚೀಟಿಯಲ್ಲಿ "ಕುದುರೆಗೂ ಯಜಮಾನರಿಗೂ ಕಡಲೆ ಕಡಿಮೆ ಮಾಡತಕ್ಕದ್ದು" ಎಂದು ಬರೆದರು. ಕುದುರೆ ಗುಣವಾಯಿತು, ಯಜಮಾನರು ಆಗಲಿಲ್ಲ.

ಕೆಲಸದ ರೀತಿ ಹೇಳಿದರೆ ನೀವು ನಗುತ್ತೀರಿ. ಕ್ರಿಮಿಗಳಿಗೆ ಊಟ ತಯಾರಿಸುವುದು ನನ್ನ ಜವಾಬ್ದಾರಿ, ಆ ಊಟ ಮಾಂಸದ ಸಾರು. ಮೋಮಿನಪುರದಿಂದ ಮಾಂಸ ತರಿಸಿ, ಹುಟ್ಟಿದಾಗಿನಿಂದ ತತ್ತಿಯನ್ನೂ ಮುಟ್ಟದ ಲಿಂಗಾಯತರ ಮನೆಯ ಮಗ ನಾನು, ಮೂಗಿಗೆ ಅರಿವೆ ಕಟ್ಟಿಕೊಂಡು ಸಾರು ಕುದಿಸುತ್ತಿದ್ದೆ. ನಮ್ಮವ್ವ ಅಂಗಳದಲ್ಲೇ ನನ್ನ ತಲೆ ಮೇಲೆ ನೀರು ಸುರಿದು ಒಳಗೆ ಬಿಡುತ್ತಿದ್ದಳು. "ಮನ್ಯಾಗ ಒಂದು ಲೋಟ ನೀರ ಕಾಸಲಿಲ್ಲ. ಅಲ್ಲಿ ಕಣ್ಣಿಗಿ ಕಾಣಲಾರದವ್ರಿಗಿ ಅಡಗಿ ಮಾಡಿ ಹಾಕ್ತಾನ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಕ್ರಿಮಿ ಬೆಳೆಯಲು ಮೈ ಬಿಸಿಯಷ್ಟು ಕಾವು ಬೇಕು. ಬೇರೆ ಊರುಗಳಲ್ಲಿ ಅದಕ್ಕೆ ಯಂತ್ರವಿತ್ತಂತೆ. ನಮ್ಮಲ್ಲಿ ಚಳಿಗಾಲದಲ್ಲಿ ನಳಿಕೆಗಳನ್ನು ನನ್ನ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲೇ ಸಾಕು, ಒದ್ದೆ ಗೋಣಿಚೀಲ ಹೊದಿಸಿ ಅವುಗಳ ಪ್ರಾಣ ಉಳಿಸಬೇಕಾಗುತ್ತಿತ್ತು.

ಇನ್ನು ಆ ಕ್ರಿಮಿ. ಮನುಷ್ಯರ ದವಾಖಾನೆಯ ಪುಸ್ತಕದಲ್ಲಿ ಮಾಲ್ಟಾ ಜ್ವರ ಎಂಬ ಒಂದು ಜ್ವರದ ವಿವರವಿತ್ತು. ಏರುತ್ತದೆ, ಇಳಿಯುತ್ತದೆ, ತಿಂಗಳುಗಟ್ಟಲೆ ಬಿಡುವುದಿಲ್ಲ, ಕೀಲು ಕೀಲು ಹಿಡಿಯುತ್ತದೆ. ಅದರ ಕ್ರಿಮಿ ಗುಂಡಗೆ ಎಂದು ಪುಸ್ತಕ ಹೇಳುತ್ತಿತ್ತು. ದನಗಳ ದವಾಖಾನೆಯ ಪುಸ್ತಕದಲ್ಲಿ ಆಡು, ಆಕಳುಗಳ ಗರ್ಭ ಇಳಿಯುವ ರೋಗದ ವಿವರವಿತ್ತು. ಅದರ ಕ್ರಿಮಿ ಉದ್ದ, ಕಡ್ಡಿಯಂತೆ ಎಂದು ಆ ಪುಸ್ತಕ. ಒಂದು ಗುಂಡಗೆ, ಇನ್ನೊಂದು ಉದ್ದ ಎಂದಮೇಲೆ ಎರಡಕ್ಕೂ ಏನು ಸಂಬಂಧ? ಯಾರೂ ಎರಡನ್ನು ಪಕ್ಕ ಪಕ್ಕ ಇಟ್ಟು ನೋಡಲಿಲ್ಲ. ಮಾಲ್ಟಾ ಕ್ರಿಮಿಯ ಒಂದು ಬಣ್ಣ ಹಾಕಿದ ಗಾಜಿನ ಪಟ್ಟಿಯನ್ನು ಹೈದರಾಬಾದಿನವರು ನಮಗೆ ಮಾದರಿಗೆಂದು ಕಳಿಸಿದ್ದರು. ಸತ್ತು ಗಾಜಿಗೆ ಅಂಟಿದ ಆ ಕ್ರಿಮಿಗಳು ಇನ್ನೂ ಅಲ್ಲಿಯೇ ಇವೆಯೇ ಎಂದು ವಾರಕ್ಕೊಮ್ಮೆ ನೋಡಿ, "ಹಾಜರ್, ಗುಂಡಗಿವೆ" ಎಂದು ಬರೆಯುವುದು ನನ್ನ ಮುಂಜಾನೆಯ ಕರ್ತವ್ಯಗಳಲ್ಲಿ ಒಂದು.

ಒಂದು ದಿನ ಕಮಲಾಪುರದಿಂದ ಮಲ್ಲಪ್ಪ ಎಂಬ ರೈತ ತನ್ನ ತಾಯಿಯನ್ನು ಎತ್ತಿನ ಬಂಡಿಯಲ್ಲಿ ಕರೆತಂದ. ಗುರುಬಸಮ್ಮ ಅವಳ ಹೆಸರು. ಆಡು ಸಾಕಿದವಳು, ಹಾಲು ಕರೆದು ಹಸಿಯಾಗಿಯೇ ಒಂದು ಗಿಂಡಿ ಕುಡಿದು ಮಿಕ್ಕ ಕೆಲಸಕ್ಕೆ ಹೋಗುವವಳು. ಮೂರು ತಿಂಗಳಿಂದ ಸಂಜೆಯಾದರೆ ಜ್ವರ, ಬೆಳಗಾಗುವಷ್ಟರಲ್ಲಿ ಬೆವರಿನಿಂದ ಸೀರೆ ತೊಯ್ದು ತಪ್ಪಡಿ. ಡಾಕ್ಟರ್ ಸಾಹೇಬರು ಕ್ವಿನೈನ್ ಬರೆದುಕೊಟ್ಟರು. ಅದೇ ದಿನ ಮಧ್ಯಾಹ್ನ ಮಲ್ಲಪ್ಪ ಗೋಣಿಯಲ್ಲಿ ಸುತ್ತಿದ, ದಿನ ತುಂಬದೆ ಬಿದ್ದ ಆಡಿನ ಮರಿಯನ್ನು ಹಿಡಿದು ದನಗಳ ದವಾಖಾನೆಗೆ ಬಂದ. ಹಿಂಡಿನಲ್ಲಿ ಏಳು ಆಡುಗಳಿಗೆ ಹೀಗೇ ಆಗಿತ್ತು. ನನ್ನನ್ನು ನೋಡಿ ಕೈ ಮುಗಿದು, "ಮುಂಜಾನಿ ಆ ಕಡಿ ದವಾಖಾನ್ಯಾಗ ನಿಮ್ಮ ಅಣ್ಣಾರು ಇದ್ದರ್ರೀ. ಭಾಳ ಬಿರುಸು ಮನಷ್ಯಾ. ನೀವು ಛಲೋ ಅದೀರಿ" ಎಂದ. ಅದು ನಾನೇ ಎಂದು ಹೇಳಲು ನಾಚಿಕೆಯಾಯಿತು.

ಆಡಿನ ಮರಿಯಿಂದ ಕ್ರಿಮಿ ಬೆಳೆಸಿದೆ. ಗೋಪಾಳರಾಯರು ಇಣುಕಿ, "ಉದ್ದ" ಎಂದರು. ನಾನು "ಉದ್ದ" ಎಂದು ಬರೆದೆ. ಈಚೆ ಕಡೆ ಗುರುಬಸಮ್ಮನ ಜ್ವರ ಕ್ವಿನೈನಿಗೆ ಬಗ್ಗಲಿಲ್ಲ. ಆದ್ದರಿಂದ ಅದು ದಿಖ್ ಆಯಿತು. ನಾನು ಮೂರು ಸಲ ಅವಳ ಕಫ ಪರೀಕ್ಷೆ ಮಾಡಿದ್ದೆ, ಕ್ಷಯದ ಕೆಂಪು ಕಡ್ಡಿ ಒಂದೂ ಕಾಣಲಿಲ್ಲ. ಹೇಳಿದೆ. ಸಾಹೇಬರು, "ಕಾಣಂಗಿಲ್ಲ ಅಂದ್ರ ಇಲ್ಲ ಅಂತ ಅಲ್ಲ ಮಿಯಾ, ಛುಪ್ಕೊಂಡು ಕೂತಾವ" ಎಂದು ಮೊಹರು ಒತ್ತಿದರು.

ಆ ಕಾಲದಲ್ಲಿ ದಿಖ್ ಎಂಬ ಕಾಗದ ಬಂತೆಂದರೆ ಮನೆಯಿಂದ ಹೊರಗೆ. ಊರ ಪಟೇಲರು ಗುರುಬಸಮ್ಮನನ್ನು ಅವಳದೇ ಬಾಳೆ ತೋಟದ ಗುಡಿಸಲಿಗೆ ಕಳಿಸಿದರು. ತಿಂಗಳಿಗೊಮ್ಮೆ ಮಲ್ಲಪ್ಪ ಅವಳನ್ನು ದವಾಖಾನೆಗೆ ತರುತ್ತಿದ್ದ. ಅವಳು ಔಷಧಿ ಕೇಳುತ್ತಿರಲಿಲ್ಲ. ನನ್ನ ಪೇಟದ ಕಡೆ ನೋಡಿ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದಳು. "ಎಪ್ಪಾ, ನನ್ನ ಮೊಮ್ಮಗಳಿಗಿ ಐದು ವರ್ಷ ಆಗ್ಯಾವ. ನನ್ನ ಮಗ್ಗಲಾಗೇ ಮಲಗಾಕಿ. ಮನಿಗಿ ಯಾವಾಗ ಹೋಗ್ಲಿ?" ನಾನು "ನೋಡೋಣ" ಎನ್ನುತ್ತಿದ್ದೆ. ಲ್ಯಾಬಿನವನು ಹೇಳಬಹುದಾದ ಮಾತುಗಳಲ್ಲಿ ಇದರಷ್ಟು ಹೇಡಿ ಮಾತು ಇನ್ನೊಂದಿಲ್ಲ.

ಈ ನಡುವೆ ನನ್ನ ಎಡವಟ್ಟು ನನಗೇ ಸಿಕ್ಕಿಬಿತ್ತು. ಒಂದು ಮುಂಜಾನೆ ಮಾಲ್ಟಾದ ಮಾದರಿ ಪಟ್ಟಿಯನ್ನು ಯಂತ್ರಕ್ಕಿಟ್ಟು ನೋಡಿ, "ಹಾಜರ್, ಗುಂಡಗಿವೆ" ಎಂದು ಬರೆದು ಪಟ್ಟಿಯನ್ನು ತೆಗೆದರೆ, ಅದರ ತುದಿಯಲ್ಲಿ "ಕಮಲಾಪುರ, ಆಡು" ಎಂದು ನನ್ನದೇ ಅಕ್ಷರ. ಹಿಂದಿನ ಮಧ್ಯಾಹ್ನ ಇದೇ ಪಟ್ಟಿಯನ್ನು ನೋಡಿ "ಉದ್ದ" ಎಂದು ಬರೆದಿದ್ದೆ. ಪೆಟ್ಟಿಗೆಯಲ್ಲಿ ಎರಡೂ ಪಟ್ಟಿಗಳು ಅದಲುಬದಲಾಗಿದ್ದವು. ಮಾದರಿ ಪಟ್ಟಿಯನ್ನು ಹುಡುಕಿ ತೆಗೆದು ಒಂದಾದ ಮೇಲೆ ಒಂದನ್ನು ಇಟ್ಟು ನೋಡಿದೆ. ಪುಸ್ತಕ ಮುಚ್ಚಿ ನೋಡಿದೆ. ಸಾಹೇಬರು ಹೊರಗೆ ಹೋದಾಗ ಪೇಟ ತೆಗೆದಿಟ್ಟೂ ನೋಡಿದೆ. ಎರಡೂ ಒಂದೇ. ಅಷ್ಟು ಗುಂಡಗೂ ಇಲ್ಲ, ಅಷ್ಟು ಉದ್ದವೂ ಇಲ್ಲ. ಇಷ್ಟು ವರ್ಷ ನಾನು ಕಣ್ಣಿನಿಂದ ನೋಡಿರಲೇ ಇಲ್ಲ. ಮುಂಜಾನೆ ಒಬ್ಬ ಸಾಹೇಬರ ಪುಸ್ತಕವನ್ನೂ ಮಧ್ಯಾಹ್ನ ಇನ್ನೊಬ್ಬ ಸಾಹೇಬರ ಪುಸ್ತಕವನ್ನೂ ನೋಡುತ್ತಿದ್ದೆ.

ಆಗ ಗುರುಬಸಮ್ಮನ ನೆನಪಾಯಿತು. ಮಾಲ್ಟಾ ಜ್ವರ ಬಂದವರ ರಕ್ತಕ್ಕೆ ಒಂದು ಗುಣವಿದೆ. ಆ ರಕ್ತದ ತಿಳಿನೀರನ್ನು ಜೀವಂತ ಕ್ರಿಮಿಗಳ ಜೊತೆ ಬೆರೆಸಿದರೆ, ಬೇರೆ ಬೇರೆಯಾಗಿ ತೇಲುವ ಕ್ರಿಮಿಗಳು ಗುಂಪು ಗುಂಪಾಗಿ ಅಂಟಿಕೊಳ್ಳುತ್ತವೆ. ಬೇರೆಯವರ ರಕ್ತವಾದರೆ ಹಾಗೇ ತೇಲುತ್ತವೆ. ನಿಮಗೀಗ ಆ ಪರೀಕ್ಷೆಯ ಕ್ರಿಮಿ ಸಿದ್ಧ ಬಾಟಲಿಯಲ್ಲಿ ಬರುತ್ತದೆ. ನಮ್ಮ ಹತ್ತಿರ ಜೀವಂತ ಮಾಲ್ಟಾ ಕ್ರಿಮಿ ಇರಲಿಲ್ಲ. ಹೈದರಾಬಾದಿಗೆ ಬರೆದರೆ ಬರಲು ಎಷ್ಟು ತಿಂಗಳೋ. ಆದರೆ ಅವಳದೇ ಆಡಿನ ಕ್ರಿಮಿ ರಸ್ತೆಯ ಆಚೆ ನನ್ನ ಗೋಣಿಚೀಲದ ಕೆಳಗೆ ಸುಖವಾಗಿ ಬೆಳೆಯುತ್ತಿತ್ತು.

ಡಾಕ್ಟರ್ ಸಾಹೇಬರಿಗೆ ಹೇಳಿದೆ. "ದನದ ಕೀಡಾ? ಮನಷ್ಯಾರ ದವಾಖಾನ್ಯಾಗ? ತೋಬಾ!" ಎಂದರು. ನಾನು ಬಿಡದೆ ಗೋಗರೆದಾಗ, ಬೇಕಾದರೆ ಆ ಇಲಾಖೆಗೆ ಕಾಗದ ಬರೆ ಎಂದರು. ಬರೆದೆ. ಮನುಷ್ಯರ ದವಾಖಾನೆಯ ಶರಣಪ್ಪನಿಂದ ದನಗಳ ದವಾಖಾನೆಯ ಶರಣಪ್ಪನಿಗೆ, ಒಂದು ನಳಿಕೆ ಕ್ರಿಮಿ ಕಳಿಸಿಕೊಡಬೇಕಾಗಿ ವಿನಂತಿ. ರಸ್ತೆ ದಾಟಿ, ಟೊಪ್ಪಿಗೆ ಹಾಕಿಕೊಂಡು, ಆ ಕಾಗದವನ್ನು ನಾನೇ ತೆಗೆದುಕೊಂಡು ಗೋಪಾಳರಾಯರ ಮುಂದಿಟ್ಟೆ. ಅವರು ಖುಷಿಯಿಂದ ಮೀಸೆ ತಿರುವಿದರು. "ಕೊಡೂಣಂತ. ಆದ್ರ 'ಉದ್ದನ್ನ ಕ್ರಿಮಿ ಒಂದು ನಳಿಗಿ ಮುಟ್ಟಿತು' ಅಂತ ಆ ಹೊಟ್ಟಿ ಸಾಹೇಬರು ರಸೀದಿ ಕೊಡಬೇಕು. ಬರಿ."

ಈಚೆ ಬಂದು ಪೇಟ ಸುತ್ತಿಕೊಂಡು ನನ್ನ ಕಾಗದವನ್ನು ನಾನೇ ಒಡೆದು ಓದಿದೆ. ಡಾಕ್ಟರ್ ಸಾಹೇಬರು ಕೆಂಪಗಾದರು. "ಗುಂಡಗಿದ್ರ ತಗೋತೀವಿ. ಉದ್ದ ಇದ್ರ ನಕ್ಕೋ. ನಮಗ ಉದ್ದಂದು ಕಾಮ್ ಏನದ? ಲಿಖೋ." ಹೀಗೆ ಒಂದೂವರೆ ತಿಂಗಳು ನನಗೂ ನನಗೂ ಪತ್ರವ್ಯವಹಾರ ನಡೆಯಿತು. ಒಂದು ಪತ್ರದಲ್ಲಿ ನಾನು ನನಗೆ ಎಚ್ಚರಿಕೆ ಕೊಟ್ಟೆ. ಇನ್ನೊಂದರಲ್ಲಿ ನನ್ನ ಭಾಷೆ ಉದ್ಧಟತನದ್ದೆಂದು ನಾನೇ ಆಕ್ಷೇಪ ಎತ್ತಿದೆ. ಎರಡೂ ಸುಳ್ಳು, ಅದು ನುಚ್ಚಿನಂತೆ ಗಿಡ್ಡಗಿದೆ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಎರಡು ದಫ್ತರಗಳಲ್ಲೂ ನನ್ನ ಸಹಿ ಇತ್ತು. ಬಾಯಿಬಿಟ್ಟರೆ ಎರಡು ಅರ್ಧ ನೌಕರಿಗಳೂ ಹೋಗುತ್ತವೆ ಎಂಬ ಭಯ. ಒಬ್ಬ ಮುದುಕಿ ತೋಟದಲ್ಲಿ ಒಂಟಿಯಾಗಿ ಜ್ವರದಲ್ಲಿ ಬಿದ್ದಿರುವಾಗ ನಾನು ಇಂಥ ಭಯ ಇಟ್ಟುಕೊಂಡು ಕೂತಿದ್ದೆ. ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ.

ಆ ಬೇಸಿಗೆಯಲ್ಲಿ ಗುರುಬಸಮ್ಮ ಮತ್ತೆ ಬಂದಾಗ ಅವಳ ತೋಳಿನಲ್ಲಿ ರಕ್ತ ತೆಗೆಯಲು ಬಹಳ ಹೊತ್ತು ನರವೇ ಸಿಗಲಿಲ್ಲ, ಅಷ್ಟು ಬತ್ತಿದ್ದಳು. ಕೊನೆಗೆ ಹೇಗೋ ಒಂದಿಷ್ಟು ತೆಗೆದೆ. ಈ ಸಲ ಅವಳು ಏನೂ ಕೇಳಲಿಲ್ಲ. ಕೇಳದೆ ಹೋದದ್ದೇ ನನ್ನನ್ನು ಚುಚ್ಚಿತು. ಮಧ್ಯಾಹ್ನ ಪೆಟ್ಟಿಗೆ ಹೊತ್ತು ರಸ್ತೆಗೆ ಇಳಿದಾಗ ತಟ್ಟನೆ ಹೊಳೆಯಿತು: ಈಗ ಈ ಯಂತ್ರ ಯಾರದೂ ಅಲ್ಲ. ನಾನೂ ಯಾರವನೂ ಅಲ್ಲ.

ಮರುದಿನ ನಡು ಮಧ್ಯಾಹ್ನ, ರಸ್ತೆಯ ಅಂಚಿನ ಬೇವಿನ ಮರದ ಕೆಳಗೆ ಪೆಟ್ಟಿಗೆ ಇಳಿಸಿದೆ. ಪೇಟ ಈಚೆ ಬಿಟ್ಟು ಬಂದಿದ್ದೆ, ಟೊಪ್ಪಿಗೆ ಆಚೆ ಇತ್ತು. ಬರಿ ತಲೆ. ಒಂದು ಕಿಸೆಯಲ್ಲಿ ಗುರುಬಸಮ್ಮನ ರಕ್ತದ ತಿಳಿ, ಇನ್ನೊಂದರಲ್ಲಿ ಹಿಂದಿನ ಸಂಜೆ ತಂದಿಟ್ಟುಕೊಂಡಿದ್ದ ಆಡಿನ ಕ್ರಿಮಿಯ ನಳಿಕೆ. ನೀವು ಯಾರಾದರೂ ಹೀಗೆ ಜೀವಂತ ಕ್ರಿಮಿಯನ್ನು ಕಿಸೆಯಲ್ಲಿಟ್ಟು ತಿರುಗಿದ್ದು ತಿಳಿದರೆ ನಾನೇ ಬಂದು ಕಿವಿ ಹಿಂಡುತ್ತೇನೆ. ಒಂದು ಗಾಜಿನ ಮೇಲೆ ಅವಳ ತಿಳಿ ಮತ್ತು ಕ್ರಿಮಿ, ಇನ್ನೊಂದರ ಮೇಲೆ ಹೋಲಿಕೆಗೆ ನನ್ನ ರಕ್ತದ ತಿಳಿ ಮತ್ತು ಕ್ರಿಮಿ. ಕಾವಿಗೆ ಕಲಬುರಗಿಯ ಬಿಸಿಲಿತ್ತು. ಕಾಯುತ್ತ ಕೂತೆ.

ರಸ್ತೆಯಲ್ಲಿ ಹಿತ್ತಾಳೆಯ ಯಂತ್ರ ಇಟ್ಟುಕೊಂಡು ಕೂತವನ ಸುತ್ತ ಮಂದಿ ಸೇರದಿದ್ದರೆ ಅದು ನಮ್ಮ ಊರೇ ಅಲ್ಲ. ಬಯೋಸ್ಕೋಪ್ ಬಂದಿದೆ ಎಂದು ಸುದ್ದಿಯಾಯಿತು. ಟಾಂಗಾ ಹೊಡೆಯುವ ಮೆಹಬೂಬನಂತೂ ಗಾಡಿ ನಿಲ್ಲಿಸಿ, ಸವಾರಿಯನ್ನು ಬಿಸಿಲಲ್ಲಿ ಬಿಟ್ಟು ಎಲ್ಲರಿಗಿಂತ ಮುಂದೆ ಬಂದು ನಿಂತ. ಗದ್ದಲ ಕೇಳಿ ಈಚೆಯಿಂದ ಡಾಕ್ಟರ್ ಸಾಹೇಬರೂ ಆಚೆಯಿಂದ ಗೋಪಾಳರಾಯರೂ ಹೊರಬಿದ್ದರು. ನಾಲ್ಕು ವರ್ಷದ ಮೇಲೆ ಇಬ್ಬರೂ ಎದುರುಬದುರು.

"ಶರಣಪ್ಪ! ಸಡಕ್ ಮ್ಯಾಗ ಏನ್ ಮಾಡಾಕತ್ತಿ?" ಎಂದು ಡಾಕ್ಟರ್ ಸಾಹೇಬರು ಕೂಗಿದರು. ನಾನು ಯಂತ್ರದ ಕಡೆ ಕೈ ತೋರಿಸಿದೆ. ಅವರು ಬಗ್ಗಿ ನೋಡಿದರು. ಗುರುಬಸಮ್ಮನ ಗಾಜಿನಲ್ಲಿ ಕ್ರಿಮಿಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ನನ್ನ ಗಾಜಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದವು. ಒಂದು ಹೆಂಗಸಿನ ಬದುಕಿನ ಪ್ರಶ್ನೆಗೆ ಉತ್ತರ ಅಲ್ಲಿ ಕಣ್ಣೆದುರಿಗಿತ್ತು. ಸಾಹೇಬರು ತಲೆ ಎತ್ತಿ, "ದೇಖೋ, ಗೋಲ್ ಅದಾವ" ಎಂದರು.

ಗೋಪಾಳರಾಯರು ಅವರನ್ನು ಸರಿಸಿ ಇಣುಕಿದರು. "ಕಣ್ಣು ತೋರಿಸ್ಕೊಳ್ರಿ ಸಾಹೇಬ್ರ. ಉದ್ದ ಅದಾವ."

ಗೋಲ್, ಉದ್ದ, ಗೋಲ್, ಉದ್ದ. ಹತ್ತು ನಿಮಿಷ ಇದೇ ನಡೆಯಿತು. ಕೊನೆಗೆ ಮೆಹಬೂಬ್ ಇಬ್ಬರ ನಡುವೆ ತಲೆ ತೂರಿಸಿ, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ನೋಡಿದ. "ಸಾಬ್, ಗೋಲ್ ಬಿ ಇಲ್ಲ, ಉದ್ದ ಬಿ ಇಲ್ಲ. ಜ್ವಾಳದ ನುಚ್ಚ ಇದ್ದಂಗ ಅದಾವ. ಆದ್ರ ಹಿಂಗ್ಯಾಕ ಗುಂಪಾಗಿ ಅಂಟ್ಕೊಂಡಾವ?" ಎಂದು ಕೇಳಿದ. ಅಲ್ಲಿದ್ದವರಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವನು ಅವನೊಬ್ಬನೇ.

ನಾನು ಅಲ್ಲಿಯೇ, ಎಲ್ಲರ ಎದುರು, ನನ್ನ ಎರಡು ದಫ್ತರಗಳ ವಿಷಯವನ್ನೂ ಕ್ರಿಮಿ ಒಂದೇ ಎಂಬುದನ್ನೂ ಗುರುಬಸಮ್ಮನಿಗೆ ಇರುವುದು ಆಡಿನಿಂದ ಬಂದ ಜ್ವರ ಎಂಬುದನ್ನೂ ಹೇಳಿಬಿಟ್ಟೆ. ಹಾಲು ಕಾಸಿ ಕುಡಿದರೆ ಉಳಿದವರಿಗೆ ಬಾರದು, ಅವಳನ್ನು ಮನೆಗೆ ಸೇರಿಸಬಹುದು ಎಂದೆ. ಇಬ್ಬರು ಸಾಹೇಬರೂ ಮೊದಲ ಬಾರಿಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಪರೀಕ್ಷೆ ನಡೆದದ್ದು ರಸ್ತೆಯಲ್ಲಿ, ರಸ್ತೆ ತಾಮೀರಾತ್ ಎನ್ನುವ ಕಟ್ಟಡ-ರಸ್ತೆಗಳ ಇಲಾಖೆಯದು, ಆದ್ದರಿಂದ ಇದಕ್ಕೆ ಸಹಿ ಹಾಕಬೇಕಾದವರು ರಸ್ತೆಗೆ ಕಲ್ಲು ಹಾಕಿಸುವ ಎಂಜಿನಿಯರು.

ನನ್ನ ನೌಕರಿ ಹೋಗಲಿಲ್ಲ. ನನ್ನನ್ನು ತೆಗೆದರೆ ಬೇರೆ ಯಾರೂ ಇರಲಿಲ್ಲ, ಅಷ್ಟೇ. ಆದರೆ ಗುರುಬಸಮ್ಮನ ಕಾಗದವೂ ಆಗಲಿಲ್ಲ. ಎರಡು ದಿನ ಯೋಚಿಸಿದ ಗೋಪಾಳರಾಯರಿಗೆ ಒಂದು ಉಪಾಯ ಹೊಳೆಯಿತು. "ಶರಣಪ್ಪ, ಆಕಿನ್ನ ನಮ್ಮ ದಫ್ತರದಾಗ ಏರಿಸಿಬಿಡೂಣು. ಕಮಲಾಪುರ, ಹಿಂಡು ಒಂದು, ಆಡು ಹನ್ನೆರಡು, ಹದಿಮೂರನೇದು ಗುರುಬಸಮ್ಮ. ಆಡಿನ ರಕ್ತಾ ಪರೀಕ್ಷಾ ಮಾಡ್ಲಿಕ್ಕೆ ನನಗ ಯಾರ ಅಪ್ಪಣಿನೂ ಬೇಕಾಗಿಲ್ಲ. 'ಈ ಆಡಿಗೆ ಕ್ಷಯ ಇಲ್ಲ, ಹಿಂಡಿಗೆ ಮರಳಿ ಬಿಡಬಹುದು' ಅಂತ ನಾನು ಸಹಿ ಮಾಡ್ತೀನಿ." ಅವರು ತಮಾಷೆ ಮಾಡುತ್ತಿರಲಿಲ್ಲ. ಅವಳ ಒಪ್ಪಿಗೆ ತಗೊಂಡು ಬಾ ಎಂದು ನನ್ನನ್ನು ಕಮಲಾಪುರಕ್ಕೆ ಕಳಿಸಿದರು.

ತೋಟದ ಗುಡಿಸಲಿನ ಮುಂದೆ ಹತ್ತು ಹೆಜ್ಜೆ ದೂರಕ್ಕೆ ಸಾಲಾಗಿ ಕಲ್ಲು ಇಟ್ಟಿದ್ದರು. ಮೊಮ್ಮಗಳು ಚಂದ್ರವ್ವ ಆ ಕಲ್ಲುಗಳ ಆಚೆ ಕೂತು ಅಜ್ಜಿಯ ಜೊತೆ ಕೂಗಿ ಕೂಗಿ ಮಾತಾಡುತ್ತಿದ್ದಳು. ನಾನು ಕಲ್ಲು ದಾಟಿ ಹೋಗಿ ಗುರುಬಸಮ್ಮನಿಗೆ ವಿಷಯ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಅವಳು ಬಾಯಿ ತುಂಬ ನಗುತ್ತಾಳೆ ಅಥವಾ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಆಡು ಅಂತರೆ ಬರೀರಿ, ಎಮ್ಮಿ ಅಂತರೆ ಬರೀರಿ ಎಪ್ಪಾ. ಏನ್ ಬರದ್ರ ಮನಿಗಿ ಬಿಡ್ತಾರೋ ಅದನ್ನ ಬರೀರಿ."

ಮರುದಿನ ಮುಂಜಾನೆ ನಾನು ಪೇಟ ಸುತ್ತದೆ ಡಾಕ್ಟರ್ ಸಾಹೇಬರ ಎದುರು ನಿಂತೆ. ಗೋಪಾಳರಾಯರ ಉಪಾಯವನ್ನೂ ಅವಳ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದೆ. ಉಪಾಯ ಕೇಳಿ ನಗಲು ಬಾಯಿ ತೆರೆದವರು ಅವಳ ಮಾತು ಕೇಳಿ ಹಾಗೇ ಉಳಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಆಡು ಅಂತ ಬರಿ ಅಂದಳಾ?" ಎಂದು ಕೇಳಿದರು. ಹೌದೆಂದೆ. "ನಾ ಯಾಕ ಇದ್ದೀನಿ ಇಲ್ಲಿ, ಶರಣಪ್ಪ?" ಎಂದರು. ಕಾಗದ ಎಳೆದುಕೊಂಡು ತಮ್ಮ ಕೈಯಿಂದಲೇ ಬರೆದರು: ಈ ಹೆಂಗಸಿಗೆ ದಿಖ್ ಇಲ್ಲ, ಮೊದಲು ಬರೆದದ್ದು ನನ್ನ ತಪ್ಪು, ಮನೆಯಲ್ಲಿ ಇರಬಹುದು. ಮೊಹರನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ದೌತಿಯಿಂದ ಶಾಯಿ ಚೆಲ್ಲಿತು. ಆಮೇಲೆ ರಸ್ತೆ ದಾಟಿ ಹೋಗಿ ಗೋಪಾಳರಾಯರ ಎದುರು ಕುರ್ಚಿ ಎಳೆದುಕೊಂಡು ಕೂತರು. ಏನು ಮಾತಾಡಿದರೋ ನನಗೆ ತಿಳಿಯದು. ಸಂಜೆಯತನಕ ಕೂತಿದ್ದರು. ಕ್ರಿಮಿಯ ಆಕಾರದ ಬಗ್ಗೆ ಮಾತ್ರ ಸಾಯುವತನಕ ಇಬ್ಬರೂ ತಂತಮ್ಮ ಪಟ್ಟು ಬಿಡಲಿಲ್ಲ.

ಆ ಕಾಗದ ಔಷಧಿಯಲ್ಲ ಎಂಬುದನ್ನು ನೀವು ಮರೆಯಬಾರದು. ಆ ಜ್ವರಕ್ಕೆ ಆಗ ಔಷಧಿಯೇ ಇರಲಿಲ್ಲ. ಗುರುಬಸಮ್ಮನ ಜ್ವರ ಮುಂದೆಯೂ ಬಹಳ ತಿಂಗಳು ಬರುತ್ತ ಹೋಗುತ್ತ ಇತ್ತು, ಆಮೇಲೆ ತಾನಾಗಿಯೇ ಬಿಟ್ಟಿತು. ನಾವು ಮಾಡಿದ್ದು ಅದಕ್ಕೆ ಸರಿಯಾದ ಹೆಸರು ಹುಡುಕಿದ್ದು ಮಾತ್ರ.

ಕಾಗದ ಹಿಡಿದು ಕಮಲಾಪುರಕ್ಕೆ ಹೋದಾಗ ಪಟೇಲರು, ಮಲ್ಲಪ್ಪ, ಅಕ್ಕಪಕ್ಕದವರು ಎಲ್ಲ ತೋಟಕ್ಕೆ ಬಂದರು. ಉರ್ದುವಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮಲ್ಲಪ್ಪ ಅಳುತ್ತ ಕಲ್ಲುಗಳನ್ನು ಕಾಲಿನಿಂದ ಒದ್ದು ಚೆದುರಿಸಿದ. "ಮುಟ್ಟಲೇನ್ರೀ ಕೂಸಿನ್ನ?" ಎಂದು ಗುರುಬಸಮ್ಮ ನನ್ನನ್ನು ಕೇಳಿದಳು. "ಮುಟ್ರಿ ಅವ್ವಾರ" ಎಂದೆ. ಅವಳು ಎರಡೂ ಕೈ ಚಾಚಿದಳು. ಚಂದ್ರವ್ವ ಮಾತ್ರ ಅಲ್ಲಾಡಲಿಲ್ಲ. ಏಳು ತಿಂಗಳು ದಿನಾ ಬೈದು ಕಲಿಸಿದ ಪಾಠ, ಕಲ್ಲು ಹೋದರೂ ಕಲ್ಲಿದ್ದ ಜಾಗದಲ್ಲೇ ಮಗು ನಿಂತುಬಿಟ್ಟಿತ್ತು. ಎಷ್ಟು ಕರೆದರೂ ಬರಲಿಲ್ಲ.

ನಾನು ಹೋಗಿ ಗುರುಬಸಮ್ಮನ ಪಕ್ಕದಲ್ಲಿ, ಅವಳ ಕೌದಿಯ ಮೇಲೆಯೇ, ತೊಡೆಗೆ ತೊಡೆ ತಾಗುವಂತೆ ಕೂತೆ. ಅವಳು ಒಂದು ಕೆಂಪು ಬಾಳೆಹಣ್ಣು ಸುಲಿದು ಅರ್ಧ ತಾನು ತಿಂದು ಅರ್ಧ ನನಗೆ ಕೊಟ್ಟಳು. ತಿಂದೆ. ಚಂದ್ರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ಏನಾದರೂ ಆಗುತ್ತದೆಯೇ ಎಂದು. ಏನೂ ಆಗಲಿಲ್ಲ. ಆಗ ಒಂದೊಂದೇ ಹೆಜ್ಜೆ ಇಡುತ್ತ ಬಂದು, ಅಜ್ಜಿಯ ಅಂಗೈಯನ್ನು ಒಂದು ಬೆರಳಿನಿಂದ ಮುಟ್ಟಿ, ಆಮೇಲೆ ಪೂರ್ತಿ ಕೈಯಿಂದ ಹಿಡಿದಳು. ಸಂಜೆಯಾಗುತ್ತಿತ್ತು, ಜ್ವರ ಏರುವ ಹೊತ್ತು.

"ಆಯೀ, ನಿನ್ನ ಕೈ ಸುಡ್ತದ."

"ಹೌದವ್ವಾ" ಎಂದಳು ಗುರುಬಸಮ್ಮ. "ಇನ್ನಾ ಸ್ವಲ್ಪ ಹಿಡದು ನೋಡು."